ಅಕ್ಷರದ ಮುಖ, ಅಕ್ಷರದ ಊರು: ಗಡಿಭಾಗದ ಡಿಜಿಟಲ್ ಕನ್ನಡವನ್ನು ಓದುವ ಬಗೆ

ಕುಪವಾಡದ ಔದ್ಯೋಗಿಕ ವಸಾಹತಿನ ಹತ್ತಿರದ ಝೆರಾಕ್ಸ್ ಅಂಗಡಿಯೊಂದರಲ್ಲಿ ಕಳೆದ ವರ್ಷ ಒಂದು ಅರ್ಜಿಯನ್ನು ಮುದ್ರಿಸಿಕೊಳ್ಳಬೇಕಾಗಿತ್ತು. ಅರ್ಜಿ ನನ್ನದಲ್ಲ. ಜತ್ತ ತಾಲ್ಲೂಕಿನ ಕನ್ನಡ ಶಾಲೆಯೊಂದರಲ್ಲಿ ಮಾಸ್ತರರಾಗಿದ್ದು, ನಿವೃತ್ತಿಯ ನಂತರ ಕುಪವಾಡದಲ್ಲಿ ಮಗನ ಮನೆಯಲ್ಲಿರುವ ಹಿರಿಯರೊಬ್ಬರದು. ತಮ್ಮೂರಿನ ಶಾಲೆಯಲ್ಲಿ ಖಾಲಿ ಉಳಿದಿರುವ ಕನ್ನಡ ಶಿಕ್ಷಕರ ಹುದ್ದೆಯನ್ನು ತುಂಬಬೇಕೆಂಬ ಒಂದು ಪುಟದ ಕೋರಿಕೆ. ಜೊತೆಗೆ ಅದರ ಮರಾಠಿ ಪ್ರತಿ. ಕನ್ನಡ ಪ್ರತಿಯನ್ನು ಅಥಣಿಯಲ್ಲಿರುವ ಸಂಬಂಧಿಕರೊಬ್ಬರು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ವರ್ಡ್ ಫೈಲಾಗಿ ಕಳುಹಿಸಿದ್ದರು. ಅಂಗಡಿಯ ಗಣಕದಲ್ಲಿ ಅದನ್ನು ತೆರೆದಾಗ ಕಂಡದ್ದು ಕನ್ನಡವಲ್ಲ, ನೆತ್ತಿಯ ಮೇಲೆ ಗೆರೆ ಚುಕ್ಕೆಗಳನ್ನು ಹೊತ್ತ ರೋಮನ್ ಅಕ್ಷರಗಳ ಸಂತೆ. ಅಂಗಡಿಯ ಹುಡುಗ ವೈರಸ್ ಬಂದಿರಬೇಕೆಂದು ಮರಾಠಿಯಲ್ಲಿ ಹೇಳಿ ಫೈಲನ್ನು ಮುಚ್ಚಿಬಿಟ್ಟ. ನಾನು ಅಲ್ಲಿಯೇ ಕುಳಿತು ಅದೇ ಪಠ್ಯವನ್ನು ಯೂನಿಕೋಡಿನಲ್ಲಿ ಮತ್ತೆ ಬರೆದೆ. ಗಣಕವು ತಾನಾಗಿ ಆರಿಸಿಕೊಂಡ ನಿರ್ಮಲಾ ಫಾಂಟಿನಲ್ಲಿ ಹಾಳೆ ಹೊರಬಂತು. ಒಂದು ಅಕ್ಷರವೂ ತಪ್ಪಿರಲಿಲ್ಲ. ಮಾಸ್ತರರು ಅದನ್ನು ದೂರಕ್ಕೆ ಹಿಡಿದು, ಹತ್ತಿರಕ್ಕೆ ತಂದು ನೋಡಿದರು. "ಇದು ಮೊಬೈಲನ್ಯಾಗ ಬಂದದ್ದ ಛಾಪಿಸಿದಂಗ ಐತಿ. ಅರ್ಜಿ ಅನಸೂದಿಲ್ಲ," ಎಂದರು.

ಈ ಮಾತನ್ನು ಮುದುಕರ ಹಟವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ಒಂದು ವಿಮರ್ಶಾವಾಕ್ಯ. ಪಠ್ಯವನ್ನು ಓದುವ ಮೊದಲೇ ಪಠ್ಯದ ಬಗ್ಗೆ ತೀರ್ಪೊಂದು ಆಗಿಹೋಗುತ್ತದೆ ಎಂಬುದನ್ನೂ, ಆ ತೀರ್ಪಿಗೆ ಆಧಾರ ಅಕ್ಷರಗಳ ಮುಖವೆಂಬುದನ್ನೂ ಅವರು ಹೇಳಿದ್ದರು. ಆ ಮುಖವನ್ನು ನೋಡಿ ನಾವು ಏನನ್ನು ಓದಿಕೊಳ್ಳುತ್ತೇವೆ, ಗಡಿಯಾಚೆಯ ಕನ್ನಡಕ್ಕೆ ಅದರ ಬೆಲೆ ಏನು ಎಂಬುದನ್ನು ವಿಚಾರಿಸುವುದು ಇಲ್ಲಿನ ಉದ್ದೇಶ.

ಮುದ್ರಣದ ಸೌಂದರ್ಯಶಾಸ್ತ್ರದಲ್ಲಿ ಬಿಯಾಟ್ರಿಸ್ ವಾರ್ಡ್ 1930ರಲ್ಲಿ ಲಂಡನ್ನಿನಲ್ಲಿ ಮಾಡಿದ ಉಪನ್ಯಾಸವೊಂದು ಬಹಳ ಪ್ರಸಿದ್ಧ. ಅಚ್ಚು ಒಳ್ಳೆಯ ಸ್ಫಟಿಕದ ಪಾನಪಾತ್ರೆಯಂತೆ ಇರಬೇಕು, ಒಳಗಿನ ದ್ರವ್ಯ ಕಾಣಬೇಕೇ ಹೊರತು ಪಾತ್ರೆ ಕಾಣಬಾರದು ಎಂಬುದು ಅದರ ತಿರುಳು. ನಾಲ್ಕು ದಿಕ್ಕಿನಲ್ಲೂ ತನ್ನ ಅಕ್ಷರವೇ ಕಾಣುವ ಭಾಷೆಯಲ್ಲಿ ಇದು ನಡೆಯಬಹುದಾದ ಮಾತು. ಸಾಂಗಲಿಯಿಂದ ಮೀರಜಿಗೆ ಹೋಗುವ ದಾರಿಯಲ್ಲಿ ಅಂಗಡಿಯ ಹಲಗೆ, ಬಸ್ಸಿನ ನಾಮಫಲಕ, 1998ರಲ್ಲಿ ಮೂರೂ ಊರುಗಳನ್ನು ಕೂಡಿಸಿ ರಚನೆಯಾದ ಮಹಾನಗರಪಾಲಿಕೆಯ ಸೂಚನಾಫಲಕ ಎಲ್ಲವನ್ನೂ ದೇವನಾಗರಿಯಲ್ಲಿ ನೋಡುತ್ತ ಬರುವ ಕನ್ನಡಿಗನ ಕಣ್ಣಿಗೆ ಕನ್ನಡದ ಯಾವ ಸಾಲೂ ಪಾರದರ್ಶಕವಲ್ಲ. ಆತನಿಗೆ ಪಾತ್ರೆ ಮೊದಲು ಕಾಣುತ್ತದೆ. "ಇದು ಕನ್ನಡ" ಎಂಬ ಅರಿವು ಮೊದಲು, "ಇದು ಎಲ್ಲಿಯ ಕನ್ನಡ" ಎಂಬ ಪ್ರಶ್ನೆ ಅದರ ಬೆನ್ನಿಗೆ, ಅರ್ಥ ಮೂರನೆಯದು.

ಅಕ್ಷರರೂಪ ನಂಬಿಕೆಯನ್ನು ಪ್ರಭಾವಿಸುತ್ತದೆ ಎಂಬುದಕ್ಕೆ ಇಂಗ್ಲಿಷಿನಲ್ಲಿ ಹೆಚ್ಚಾಗಿ ಉದಾಹರಿಸುವ ಪ್ರಯೋಗ ಎರೋಲ್ ಮಾರಿಸ್ 2012ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಓದುಗರ ಮೇಲೆ ನಡೆಸಿದ್ದು. ಸುಮಾರು 45 ಸಾವಿರ ಓದುಗರು ಒಂದೇ ಹೇಳಿಕೆಯನ್ನು ಆರು ಬೇರೆಬೇರೆ ಫಾಂಟುಗಳಲ್ಲಿ ಓದಿ, ಅದು ನಿಜವೋ ಅಲ್ಲವೋ ಎಂದು ಹೇಳಿದರು. ಬಾಸ್ಕರ್‌ವಿಲ್ ಎಂಬ ಹಳೆಯ ಪುಸ್ತಕಾಕ್ಷರದಲ್ಲಿ ಓದಿದವರು ಉಳಿದವರಿಗಿಂತ ಕೊಂಚ ಹೆಚ್ಚು ಒಪ್ಪಿದರು. ಕಾಮಿಕ್ ಸ್ಯಾನ್ಸ್‌ನಲ್ಲಿ ಓದಿದವರು ಹೆಚ್ಚು ಅನುಮಾನಪಟ್ಟರು. ಅಂತರ ಸಣ್ಣದು. ಆದರೆ ಇದನ್ನು ಅನುವಾದಿಸಿ ಕನ್ನಡಕ್ಕೆ ಅಂಟಿಸುವ ನಮ್ಮ ವಿದ್ವತ್‌ರೂಢಿಯ ಬಗ್ಗೆ ನನಗೆ ತಕರಾರಿದೆ. ಬಾಸ್ಕರ್‌ವಿಲ್ ಅಕ್ಷರದ ತಿರುವಿನೊಳಗೆ ಸತ್ಯ ಅಡಗಿ ಕುಳಿತಿಲ್ಲ. ಎರಡೂವರೆ ಶತಮಾನಗಳಿಂದ ಗಂಭೀರವಾದ ಪುಸ್ತಕಗಳು ಆ ಬಗೆಯ ಅಕ್ಷರಗಳಲ್ಲಿ ಬಂದಿವೆ. ಓದುಗ ನಂಬುವುದು ಆ ನೆನಪನ್ನು. ಕನ್ನಡದ ನೆನಪು ಬೇರೆ, ಗಡಿಭಾಗದ ಕನ್ನಡದ ನೆನಪು ಇನ್ನೂ ಬೇರೆ.

ಹೊಸ ತಂತ್ರಜ್ಞಾನ ಹಳೆಯ ಮುಖವನ್ನು ಹೊತ್ತು ಬಂದೇ ವಿಶ್ವಾಸ ಗಳಿಸಿದೆ ಎಂಬುದಕ್ಕೆ ಸಾಕ್ಷಿಯನ್ನು ದೂರದಲ್ಲಿ ಹುಡುಕಬೇಕಿಲ್ಲ. ಮೀರಜ ಸಂಸ್ಥಾನದ ಗಂಗಾಧರರಾವ ಪಟವರ್ಧನರ ಆಶ್ರಯದಲ್ಲಿ 1805ರಲ್ಲಿ ಭಗವದ್ಗೀತೆ ಅಚ್ಚಾಯಿತು. ಕುಪವಾಡದಿಂದ ಕೆಲವೇ ಕಿಲೋಮೀಟರು ದೂರದಲ್ಲಿ. ಅದು ಬಿಡಿಮೊಳೆಯ ಅಚ್ಚಲ್ಲ, ತಾಮ್ರದ ತಗಡಿನಲ್ಲಿ ಕೊರೆದದ್ದು. ಕೊರೆಯುವವನಿಗೆ ಮಾದರಿ ಲಿಪಿಕಾರನ ಕೈಬರಹ; ಪೋಥಿಯನ್ನು ಪೂಜಿಸಿ ಬಿಚ್ಚುತ್ತಿದ್ದವರಿಗೆ ಅಚ್ಚಿನಲ್ಲೂ ಪೋಥಿಯ ಮುಖವೇ ಎದುರಾಯಿತು. ಕನ್ನಡದ್ದೂ ಹೆಚ್ಚುಕಡಿಮೆ ಇದೇ ಕಥೆ. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ಮಂಗಳೂರ ಸಮಾಚಾರ ಕಲ್ಲಚ್ಚಿನ ಪತ್ರಿಕೆ, ಎಂದರೆ ಕೈಬರಹದ ಪತ್ರಿಕೆ. ಮರುವರ್ಷ ಅದು ಬಳ್ಳಾರಿಗೆ ಹೋದ ಮೇಲೆ ಮೊಳೆಯ ಮುಖವನ್ನು ಪಡೆಯಿತು. ಅಕ್ಷರದ ಆಕಾರಕ್ಕೆ ತಾಂತ್ರಿಕ ಕಾರಣ ಒಂದಿರುತ್ತದೆ, ಓದುಗನ ಒಪ್ಪಿಗೆಗೆ ಕಾರಣ ಇನ್ನೊಂದಿರುತ್ತದೆ. ಇವೆರಡೂ ಒಟ್ಟಿಗೆ ನಡೆಯಬೇಕೆಂಬ ನಿಯಮವಿಲ್ಲ.

ಸಾಂಗಲಿಯ ಕನ್ನಡ ಓದಿಗೂ ಒಂದು ಗಟ್ಟಿಯಾದ ಹಿನ್ನೆಲೆಯಿತ್ತು. ವಿಲಿಂಗ್ಡನ್ ಕಾಲೇಜಿನಲ್ಲಿ ವಿ. ಕೃ. ಗೋಕಾಕರು ಪ್ರಾಂಶುಪಾಲರಾಗಿದ್ದರು, ರಂ. ಶ್ರೀ. ಮುಗಳಿಯವರು ದೀರ್ಘಕಾಲ ಅಲ್ಲಿ ಕನ್ನಡ ಕಲಿಸಿದರು. ಮುಗಳಿಯವರ 'ಕನ್ನಡ ಸಾಹಿತ್ಯ ಚರಿತ್ರೆ'ಗೆ 1956ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅದರ ಕರ್ತೃ ಈ ಊರಿನ ಅಧ್ಯಾಪಕ. ಆ ತಲೆಮಾರಿನ ವಿದ್ಯಾರ್ಥಿಗಳು ಕನ್ನಡವನ್ನು ಕಂಡದ್ದು ಸೀಸದ ಮೊಳೆಯಲ್ಲಿ. ದಪ್ಪ ತೆಳು ಗೆರೆಗಳ ಏರಿಳಿತ, ಕಾಗದದ ಹಿಂಬದಿಗೆ ಒತ್ತಿಬಂದ ಗುರುತು, ಅಲ್ಲಲ್ಲಿ ಮುರಿದ ಒತ್ತಕ್ಷರ. ಅಂಥ ಪುಸ್ತಕದ ಸ್ಕ್ಯಾನ್ ಪ್ರತಿಯನ್ನು ಇಂದು ಪರದೆಯ ಮೇಲೆ ತೆರೆದರೂ, ಪುಟ ಓರೆಯಾಗಿದ್ದರೂ, ಮಸಿ ಹರಡಿದ್ದರೂ ನಾವು ಅದನ್ನು ಪ್ರಶ್ನಿಸುವುದಿಲ್ಲ. ಅದೇ ಅಧ್ಯಾಯವನ್ನು ಯಾರೋ ಬೆರಳಚ್ಚು ಮಾಡಿ ಫೋನಿಗೆ ಕಳುಹಿಸಿದರೆ, ಮೂಲಕ್ಕೆ ನಿಷ್ಠವಾಗಿದೆಯೋ ಇಲ್ಲವೋ ಎಂದು ಅನುಮಾನಿಸುತ್ತೇವೆ. ನಾನೂ ಹಾಗೆಯೇ ಅನುಮಾನಿಸಿದ್ದೇನೆ.

ಸೀಸದ ಮೊಳೆಯ ಉತ್ತರಾಧಿಕಾರವನ್ನು ಗಣಕದಲ್ಲಿ ಪಡೆದದ್ದು ನುಡಿ. ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ತಂತ್ರಾಂಶ 1998ರಲ್ಲಿ ಬಂದು ಮನೆಮನೆಯ ಗಣಕಗಳಿಗೆ ಕನ್ನಡವನ್ನು ಮುಟ್ಟಿಸಿತ್ತು. ಕನ್ನಡ ಗಣಕ ಪರಿಷತ್ತಿನ ನುಡಿ ಕರ್ನಾಟಕದ ಸರ್ಕಾರಿ ಕಚೇರಿಗಳ ಅಕ್ಷರವಾಯಿತು. ಸುತ್ತೋಲೆ, ನಡವಳಿ, ಪಹಣಿಗೆ ಲಗತ್ತಿಸುವ ಕಾಗದ, ವಿಶ್ವವಿದ್ಯಾಲಯದ ಪ್ರಕಟಣೆ ಎಲ್ಲವೂ ಒಂದೇ ಮುಖ ತಳೆದವು. ನಮ್ಮ ವೃತ್ತಿಯವರಿಗಂತೂ "ನುಡಿ 01 ಇ" ಎಂಬುದು ಫಾಂಟಿನ ಹೆಸರಲ್ಲ, ವಿಚಾರಸಂಕಿರಣದ ಆಹ್ವಾನಪತ್ರದ ಕೊನೆಯ ಸಾಲು. ಪ್ರಬಂಧ ಹೇಗಿರಬೇಕು ಎಂಬುದಕ್ಕೆ ನಮ್ಮಲ್ಲಿ ಇಷ್ಟು ಸಾರ್ವತ್ರಿಕ ಒಪ್ಪಿಗೆ ಪಡೆದ ಇನ್ನೊಂದು ಮಾನದಂಡವಿಲ್ಲ ಎಂದು ಹೇಳಿದರೆ ಅದು ಪೂರ್ತಿ ತಮಾಷೆಯಲ್ಲ. ಹೀಗಾಗಿ ನುಡಿಯಲ್ಲಿದ್ದದ್ದು ಅಧಿಕೃತ, ವಿದ್ವತ್ಪೂರ್ಣ, ಕರ್ನಾಟಕದ್ದು ಎಂಬ ಭಾವ ಬೇರೂರಿತು. ಅಥಣಿಯಲ್ಲಿ ಆ ಮುಖ ಕಚೇರಿಯ ಮುಖ. ಗಡಿಯ ಈಚೆ, ಕುಪವಾಡದಲ್ಲಿ, ಅದು ಆಚೆಯ ಸರ್ಕಾರದ ಮುಖ; ದೂರದ್ದಾದ್ದರಿಂದಲೇ ಇನ್ನಷ್ಟು ಗೌರವದ್ದು.

ಈ ಗೌರವದ ಕೆಳಗಿರುವ ನೆಲ ಮಾತ್ರ ಪೊಳ್ಳು. ಹಳೆಯ ನುಡಿಯ ಫಾಂಟುಗಳು ಕನ್ನಡ ಅಕ್ಷರಗಳ ತುಣುಕುಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸುತ್ತವೆ. 'ಪಿ' ಎಂಬ ದೊಡ್ಡಕ್ಷರದ ಸ್ಥಾನದಲ್ಲಿ ಕಕಾರದ ಒಡಲು, ನೆತ್ತಿಯಲ್ಲಿ ಓರೆಗೆರೆಯುಳ್ಳ 'ಎ' ಸ್ಥಾನದಲ್ಲಿ ತಲೆಕಟ್ಟು. ಎರಡನ್ನೂ ಒತ್ತಟ್ಟಿಗಿಟ್ಟರೆ ಕಣ್ಣಿಗೆ 'ಕ' ಕಾಣುತ್ತದೆ. ಮೊಳೆ ಜೋಡಿಸುವವನ ಕೈಚಳಕವೇ ಗಣಕಕ್ಕೆ ಬಂದ ಹಾಗೆ. ಫಾಂಟ್ ಇದ್ದ ಗಣಕದಲ್ಲಿ ಕನ್ನಡ, ಇಲ್ಲದ ಗಣಕದಲ್ಲಿ ಕುಪವಾಡದ ಹುಡುಗ ಕಂಡ ವೈರಸ್. ಪಿಡಿಎಫ್ ಆಗಿಸಿದರೆ ಫಾಂಟ್ ಒಳಗೇ ಸೇರುವುದರಿಂದ ಕಣ್ಣಿಗೆ ತೊಂದರೆಯಿಲ್ಲ. ಆದರೆ ಆ ಪಿಡಿಎಫ್‌ನಲ್ಲಿ ಒಂದು ಕನ್ನಡ ಪದವನ್ನು ಹುಡುಕಿ ನೋಡಿ, ಸಿಗುವುದಿಲ್ಲ. ನಕಲಿಸಿ ಬೇರೆಡೆ ಅಂಟಿಸಿದರೆ ರೋಮನ್ ಸಂತೆ ಮತ್ತೆ ನೆರೆಯುತ್ತದೆ. ಕಣ್ಣಿಲ್ಲದ ಓದುಗನಿಗೆ ಗಣಕ ಅದನ್ನು ಓದಿ ಹೇಳಲಾರದು. ಈ ಬಗೆಯಲ್ಲಿ ಸಿದ್ಧವಾಗಿ ಶೋಧಗಂಗಾದಂಥ ಭಂಡಾರ ಸೇರಿದ ಕನ್ನಡ ಪಿಎಚ್‌ಡಿ ಪ್ರಬಂಧವು ಯಂತ್ರದ ಮಟ್ಟಿಗೆ ಕನ್ನಡದಲ್ಲೇ ಇಲ್ಲ. ಇನ್ನೊಂದು ಬದಿಯಲ್ಲಿ, ಯೂನಿಕೋಡಿನಲ್ಲಿ ಬರೆದು ನೋಟೊ, ತುಂಗಾ, ನಿರ್ಮಲಾ ಇವುಗಳಲ್ಲಿ ಯಾವುದೋ ಒಂದರಲ್ಲಿ ತೋರುವ ಪಠ್ಯ ಯಾವ ಯಂತ್ರಕ್ಕೂ ಕನ್ನಡವೇ, ಎಲ್ಲಿ ಹೋದರೂ ಕನ್ನಡವೇ. ನೋಡಲು ಮಾತ್ರ ಮೊಬೈಲಿನಲ್ಲಿ ಬಂದದ್ದರಂತೆ.

ಹೀಗೆ ನಮ್ಮ ನಂಬಿಕೆ ಒಂದು ದಿಕ್ಕಿಗೆ, ಕಡತದ ಬಾಳಿಕೆ ಅದಕ್ಕೆ ತದ್ವಿರುದ್ಧ ದಿಕ್ಕಿಗೆ. ಡಿಜಿಟಲ್ ಕನ್ನಡದ ಅಕ್ಷರರೂಪದ ಬಗ್ಗೆ ನನಗೆ ಮುಖ್ಯವೆನಿಸುವುದು ಈ ವೈಪರೀತ್ಯ. ಸುಂದರ ಫಾಂಟ್ ಯಾವುದು, ಕುರೂಪಿ ಯಾವುದು ಎಂಬ ಚರ್ಚೆ ಅದರ ಮುಂದೆ ಹಗುರವಾದದ್ದು. ಕರ್ನಾಟಕದೊಳಗೆ ಈ ವೈಪರೀತ್ಯದ ನಷ್ಟ ತಡೆದುಕೊಳ್ಳಬಹುದಾದದ್ದು, ಏಕೆಂದರೆ ಅಲ್ಲಿ ಪಕ್ಕದ ಗಣಕದಲ್ಲಿ ನುಡಿ ಇರುತ್ತದೆ. ಕುಪವಾಡದಲ್ಲಿ ಒಂದು ಅರ್ಜಿ ಗೌರವದ ಮುಖ ಹೊತ್ತು ಬಂದರೆ ಓದಲಾಗದಂತೆ ಒಡೆಯುತ್ತದೆ, ಓದಲಾಗುವಂತೆ ಬಂದರೆ ಗೌರವ ಕಳೆದುಕೊಳ್ಳುತ್ತದೆ.

ಇದು ಕನ್ನಡಿಗರ ವಿಶೇಷ ಸಂಕಟವೆಂದು ಭಾವಿಸಬೇಕಿಲ್ಲ. ನೆರೆಯ ಮರಾಠಿಯನ್ನು ನೋಡಿದರೆ ಸಾಕು. ದೇವನಾಗರಿಯ 'ಲ' ಮತ್ತು 'ಶ' ಅಕ್ಷರಗಳಿಗೆ ಮರಾಠಿಯಲ್ಲಿ ಒಂದು ರೂಪ, ಹಿಂದಿಯಲ್ಲಿ ಇನ್ನೊಂದು ರೂಪ ರೂಢಿಯಲ್ಲಿದೆ. ಗಣಕಗಳ ಬಹುಪಾಲು ದೇವನಾಗರಿ ಫಾಂಟುಗಳು ತಾವಾಗಿ ತೋರುವುದು ಹಿಂದಿಯ ರೂಪವನ್ನು. ಮರಾಠಿಯ ಓದುಗರಿಗೆ ಅದು ಕಿರಿಕಿರಿ. ಮಹಾರಾಷ್ಟ್ರ ಸರ್ಕಾರ 2009ರ ನವೆಂಬರಿನಲ್ಲಿ ಮರಾಠಿ ವರ್ಣಮಾಲೆಯ ಬಗ್ಗೆ ಹೊರಡಿಸಿದ ನಿರ್ಣಯ ಈ ಅಕ್ಷರಗಳ ರೂಪವನ್ನೂ ನಿಗದಿಪಡಿಸಿತು. ಎರಡು ಅಕ್ಷರಗಳ ಒಂದೊಂದು ಬಾಗಿಗೆ ಸರ್ಕಾರದ ಆದೇಶ! ನಗುವ ಮೊದಲು ಒಂದು ಮಾತು: ಅಷ್ಟು ಸಣ್ಣ ಬಾಗು ಕೂಡ "ಇದು ನಮ್ಮದಲ್ಲ" ಎಂದು ಹೇಳಬಲ್ಲುದು ಎಂಬುದನ್ನು ಮರಾಠಿಗರು ಗುರುತಿಸಿದರು, ಅದನ್ನು ಹೇಳಲು ಅವರಿಗೆ ಒಂದು ಸರ್ಕಾರವಿತ್ತು. ಅದೇ ರಾಜ್ಯದ ಕನ್ನಡ ಓದುಗನಿಗೆ ಅಂಥದೇ ಕಿರಿಕಿರಿಯಾದಾಗ ಹೇಳಿಕೊಳ್ಳಲು ಕಚೇರಿಯಿಲ್ಲ. ಅಂದಹಾಗೆ, ಲಿಪಿಗಳ ನಡುವಿನ ಗಡಿ ರಾಜ್ಯಗಳ ಗಡಿಯಷ್ಟು ಬಿಗಿಯಾದುದಲ್ಲ. ಮೈಕ್ರೋಸಾಫ್ಟ್ ಸಂಸ್ಥೆಗಾಗಿ ಮಂಗಲ್ ಎಂಬ ದೇವನಾಗರಿ ಫಾಂಟನ್ನು ರೂಪಿಸಿದ ರ. ಕೃ. ಜೋಶಿ ಮರಾಠಿಯ ಕವಿ ಮತ್ತು ಅಕ್ಷರಕಲಾವಿದ. ವಿಂಡೋಸ್‌ನ ಕನ್ನಡದ ತುಂಗಾ ಕೂಡ ಅವರ ನಿರ್ದೇಶನದಲ್ಲೇ ತಯಾರಾದದ್ದು. ನಾವು ಪರಕೀಯವೆಂದು ಬೈಯುವ ತುಂಗಾದ ಹಿಂದೆ ಇದ್ದ ಕಣ್ಣು ನೆರೆಮನೆಯದು.

ತುಂಗಾದ ಮೇಲಿನ ಆಕ್ಷೇಪಗಳಲ್ಲಿ ಸತ್ಯವಿಲ್ಲವೆಂದಲ್ಲ. ಅದರ ಮೈಕಟ್ಟು ಸಣ್ಣದು, ಸಾಲುಗಳ ನಡುವಿನ ಅಂತರ ದೊಡ್ಡದು. ಮರಾಠಿಯ ಪಕ್ಕದಲ್ಲಿ ಇಟ್ಟರೆ ಕನ್ನಡ ಪಿಸುಗುಟ್ಟಿದಂತೆ ಕಾಣುತ್ತದೆ. ಆ ಅಂತರಕ್ಕೆ ಕಾರಣವೂ ಇದೆ. ದೇವನಾಗರಿ ಶಿರೋರೇಖೆಯಿಂದ ಜೋತುಬಿದ್ದ ಲಿಪಿ, ಅದರ ಸಂಯುಕ್ತಾಕ್ಷರ ಬಹುಮಟ್ಟಿಗೆ ಅಡ್ಡಡ್ಡ ಬೆಳೆಯುತ್ತದೆ. ಕನ್ನಡದ ಒತ್ತು ಕೆಳಕ್ಕಿಳಿಯುತ್ತದೆ. 'ಮಹಾರಾಷ್ಟ್ರ' ಎಂಬ ಹೆಸರನ್ನೇ ತೆಗೆದುಕೊಳ್ಳಿ. ಷಕಾರಕ್ಕೆ ಟಕಾರದ ಒತ್ತು, ಅದರ ಬಳಿ ರಕಾರದ ಒತ್ತು. ಎರಡೂ ನಿಲ್ಲಲು ಸಾಲಿನ ಕೆಳಗೆ ಜಾಗ ಬೇಕು. ಮರಾಠಿಗೆಂದು ಅಳೆದ ಬಿಗಿ ಸಾಲುಗಳಲ್ಲಿ ಕನ್ನಡವನ್ನು ತುಂಬಿದಾಗ ಕೆಳಗಿನ ಒತ್ತಿನ ತುದಿ ಕತ್ತರಿಸಿ ಹೋಗುತ್ತದೆ, ಇಲ್ಲವೇ ಮುಂದಿನ ಸಾಲಿನ ಗುಡಿಸಿಗೆ ತಾಗುತ್ತದೆ. ರಾಜ್ಯದ ಹೆಸರೇ ಸರಿಯಾಗಿ ಮೂಡದ ಪುಟವನ್ನು ಕಂಡ ಓದುಗ, ಇದನ್ನು ಕನ್ನಡ ಬಲ್ಲವರು ನೋಡಿಲ್ಲವೆಂದು ತೀರ್ಮಾನಿಸುವುದು ಸಹಜ. ಹಲವು ಬಾರಿ ಆ ತೀರ್ಮಾನ ಸರಿಯೂ ಹೌದು.

ಈ ದೃಷ್ಟಿಯಿಂದ ಅತ್ಯಂತ ಗಮನಾರ್ಹವಾದ ಕನ್ನಡ ಡಿಜಿಟಲ್ ಕಡತಗಳೆಂದರೆ ಪುಣೆಯ ಬಾಲಭಾರತಿಯ ಪಠ್ಯಪುಸ್ತಕಗಳು. 1967ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಪುಸ್ತಕ ತರುತ್ತದೆ, ಅವುಗಳ ಪಿಡಿಎಫ್ ಪ್ರತಿಗಳು ಉಚಿತವಾಗಿ ಸಿಗುತ್ತವೆ. ಜತ್ತದ ಕನ್ನಡ ಶಾಲೆಯ ಮಗುವಿಗೆ ಅಚ್ಚಿನ ಕನ್ನಡವೆಂದರೆ ಮೊದಲು ಇದೇ. ರಾಜ್ಯವೊಂದು ತನ್ನದಲ್ಲದ ಭಾಷೆಗಳಿಗೆ ಇಷ್ಟು ಮಾಡುವುದನ್ನು ಮೆಚ್ಚಲೇಬೇಕು. ಗಡಿಯ ಎರಡೂ ಬದಿಯ ಭಾಷಾಭಿಮಾನಿಗಳು ಈ ಮಾತನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಆದರೆ ಗಣಿತ, ವಿಜ್ಞಾನದಂಥ ವಿಷಯಗಳಲ್ಲಿ ಪುಟದ ವಿನ್ಯಾಸ, ಚಿತ್ರದ ಜಾಗ, ಚೌಕಟ್ಟಿನ ಅಳತೆ ಭಾಷೆಯಿಂದ ಭಾಷೆಗೆ ಹೆಚ್ಚು ಬದಲಾಗುವುದಿಲ್ಲ. ಅದೇ ಚೌಕಟ್ಟಿನಲ್ಲಿ ಕನ್ನಡದ ಉದ್ದನೆಯ ಪದಗಳು, ಕೆಳಕ್ಕಿಳಿಯುವ ಒತ್ತುಗಳು ಕೂರಬೇಕು. ಅಲ್ಲಿ ಆಗುವ ಆಯ್ಕೆ, ಅಕ್ಷರವನ್ನು ಕುಗ್ಗಿಸುವುದೋ ಸಾಲನ್ನು ಬಿಗಿಯುವುದೋ ಎಂಬುದು, ನೋಡಲು ತಾಂತ್ರಿಕ. ಮಗುವಿನ ಕಣ್ಣಿಗೆ ಮಾತ್ರ ಅದು ಭಾಷೆಗಳ ಅಂತಸ್ತಿನ ಪಾಠ. ಎಂಟನೆಯ ಇಯತ್ತೆಗೆ ಬರುವ ಹೊತ್ತಿಗೆ ಆ ಮಗು ಮರಾಠಿ ಪುಸ್ತಕದ ಪುಟ ಹೇಗೆ ಉಸಿರಾಡುತ್ತದೆ ಎಂಬುದನ್ನೂ ಕಂಡಿರುತ್ತದೆ.

ಅನುವಾದವೆಂಬ ಭಾವ ಹುಟ್ಟುವುದು ವಾಕ್ಯರಚನೆಯಿಂದ ಮಾತ್ರವೆಂದು ತೌಲನಿಕ ಸಾಹಿತ್ಯದವರಾದ ನಾವು ನಂಬಿದ್ದೇವೆ. ಇಲ್ಲಿ ಅದು ಅಕ್ಷರದಿಂದಲೂ ಹುಟ್ಟುತ್ತದೆ. ಒಳ್ಳೆಯ ಕನ್ನಡ ವಾಕ್ಯವೂ ಬೇರೆ ಭಾಷೆಗೆ ಹೊಲಿದ ಅಂಗಿ ತೊಟ್ಟು ಬಂದರೆ ಅನುವಾದದಂತೆ ಓದಿಸಿಕೊಳ್ಳುತ್ತದೆ. ಅನುವಾದ ವಿಮರ್ಶೆ ಈ ಸ್ತರವನ್ನು ಮುಟ್ಟಿಯೇ ಇಲ್ಲವೆನ್ನಬಹುದು, ನನ್ನದೇ ಮಹಾಪ್ರಬಂಧವೂ ಸೇರಿ. ಅದನ್ನು ನುಡಿ 01 ಇ ಅಕ್ಷರದಲ್ಲಿ, ಹಳೆಯ ಸಂಕೇತದಲ್ಲೇ ಸಲ್ಲಿಸಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಫಾಂಟ್ ಸಾಕ್ಷಿ ಹೇಳುವುದೂ ಉಂಟು. 2017ರಲ್ಲಿ ಪಾಕಿಸ್ತಾನದ ಪ್ರಧಾನಿ ನವಾಜ್ ಷರೀಫರ ಕುಟುಂಬದ ವಿಚಾರಣೆಯಲ್ಲಿ 2006ರ ದಿನಾಂಕವುಳ್ಳ ದಸ್ತಾವೇಜೊಂದು ಕ್ಯಾಲಿಬ್ರಿ ಫಾಂಟಿನಲ್ಲಿತ್ತು. ಆ ಫಾಂಟ್ ಸಾಮಾನ್ಯ ಬಳಕೆಗೆ ಬಂದದ್ದು 2007ರಲ್ಲಿ. ಅಕ್ಷರದ ಮುಖ ಕಾಗದದ ಮಾತನ್ನು ಸುಳ್ಳಾಗಿಸಿತು. ನಮ್ಮ ಕಡತಗಳ ಮೇಲೆ ಅಂಥ ಮೊಕದ್ದಮೆ ನಡೆಯುವುದಿಲ್ಲ. ಆದರೂ ಇದು ಬೆಂಗಳೂರಿನಿಂದ ಬಂದದ್ದು, ಇದು ಪುಣೆಯಲ್ಲಿ ಅನುವಾದವಾದದ್ದು, ಇದು ಯಾರದೋ ಫೋನಿನಿಂದ ಬಂದದ್ದು ಎಂದು ಗಡಿಭಾಗದ ಓದುಗ ದಿನವೂ ಇದೇ ವಿಧಾನದಲ್ಲಿ ಪಾಟೀಸವಾಲು ಮಾಡುತ್ತಾನೆ. ಈ ಪಟ್ಟಿಯಲ್ಲಿ "ಇದು ಇಲ್ಲಿಯೇ ಹುಟ್ಟಿದ್ದು" ಎಂದು ಹೇಳುವ ಒಂದು ಮುಖ ಇಲ್ಲ. ಸಾಂಗಲಿ ಸೀಮೆಯ ಕನ್ನಡಕ್ಕೆ ಮಾತಿನಲ್ಲಿ ತನ್ನದೇ ದನಿಯಿದೆ. ಪರದೆಯ ಮೇಲೆ ಅದು ಯಾವಾಗಲೂ ಬಾಡಿಗೆಯ ಮನೆಯಲ್ಲಿ.

ಹಾಗೆಂದು ಗಡಿನಾಡಿಗೊಂದು ಫಾಂಟ್ ಬೇಕೆಂಬ ಬೇಡಿಕೆ ನನ್ನದಲ್ಲ. ಅಂಥ ಬೇಡಿಕೆಗಳು ಠರಾವುಗಳಲ್ಲಿ ಚೆನ್ನಾಗಿ ಕಾಣುತ್ತವೆ. ಬೇಕಾಗಿರುವುದು ಇನ್ನೂ ಸಾಮಾನ್ಯವಾದದ್ದು: ಮುಖವನ್ನೂ ಸಂಕೇತವನ್ನೂ ಬೇರೆಬೇರೆಯಾಗಿ ನೋಡುವ ಅಭ್ಯಾಸ. ನುಡಿಯ ಅದೇ ಮುಖ ಈಗ ಯೂನಿಕೋಡ್ ರೂಪದಲ್ಲೂ ಉಚಿತವಾಗಿ ದೊರೆಯುತ್ತದೆ. ಗುಬ್ಬಿ, ನವಿಲು ಮೊದಲಾದ ಮುಕ್ತ ಫಾಂಟುಗಳಿವೆ. ದಪ್ಪ ತೆಳು ಗೆರೆಯ ನೋಟೊ ಸೆರಿಫ್ ಕನ್ನಡ ಪುಸ್ತಕದ ನೆನಪನ್ನು ಸಾಕಷ್ಟು ಉಳಿಸಿಕೊಂಡಿದೆ. ಆದರೂ ವಿದ್ವತ್ ನಿಯತಕಾಲಿಕಗಳು, ಅಲ್ಪಸಂಖ್ಯಾತ ಭಾಷೆಗಳ ಸಂಸ್ಥೆಗಳೂ ಸೇರಿದಂತೆ, ಲೇಖಕರಿಂದ ಹಳೆಯ ಸಂಕೇತದ ನುಡಿಯನ್ನೇ ಕೇಳುತ್ತಿವೆ. ಹಾಳಾಗುತ್ತಿರುವ ತಾಳೆಗರಿಯನ್ನು ಡಿಜಿಟಲೀಕರಿಸಬೇಕೆಂದು ವಾದಿಸುವ ಲೇಖನ ಹುಡುಕಿದರೆ ಸಿಗದ ಪಿಡಿಎಫ್ ಆಗಿ ಉಳಿಯುತ್ತಿದೆ. ಇದಕ್ಕೆ ತಂತ್ರಜ್ಞಾನವನ್ನು ದೂರಲಾಗದು. ಕಣ್ಣಿನ ನಂಬಿಕೆಯನ್ನು ನಾವು ಪರೀಕ್ಷಿಸಲಿಲ್ಲ, ಅಷ್ಟೆ. ಮಾಸ್ತರರನ್ನು ನಗುವ ಹಕ್ಕು ನಮಗಿಲ್ಲ.

ಅರ್ಜಿಯ ಕಥೆ ಒಂದು ವಾರಕ್ಕೆ ಮುಗಿಯಿತು. ಮನೆಯಲ್ಲಿ ಅದೇ ಯೂನಿಕೋಡ್ ಪಠ್ಯಕ್ಕೆ ನುಡಿಯ ಯೂನಿಕೋಡ್ ಫಾಂಟ್ ತೊಡಿಸಿ, ಸಾಲುಗಳ ನಡುವೆ ಜಾಗ ಬಿಟ್ಟು, ಪಿಡಿಎಫ್ ಮಾಡಿ ಪೆನ್‌ಡ್ರೈವಿನಲ್ಲಿ ಒಯ್ದೆ. ಅಂಗಡಿಯ ಹುಡುಗ ಪ್ರಿಂಟ್ ತೆಗೆದ. ಮಾಸ್ತರರು 'ಮಹಾರಾಷ್ಟ್ರ' ಎಂಬಲ್ಲಿ ಬೆರಳಿಟ್ಟು ಒತ್ತುಗಳನ್ನು ಪರೀಕ್ಷಿಸಿ, ಜೇಬಿನಿಂದ ಪೆನ್ನು ತೆಗೆದು ಸಹಿ ಮಾಡಿದರು. ಮರಾಠಿ ಪ್ರತಿಯನ್ನು ಗಣಕ ಕೊಟ್ಟ ಮಂಗಲ್ ಫಾಂಟಿನಲ್ಲೇ ಬಿಟ್ಟಿದ್ದೆವು. ಅದರ ಮುಖದ ಬಗ್ಗೆ ಅವರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.